ಕೇಳಿದವರು ಕೈ ಎತ್ತಿ

ಎಪ್ಪತ್ನಾಲ್ಕರಲ್ಲಿ ಹೊಸದುರ್ಗದ ಕಾಲೇಜೊಂದರ ಸಂಶೋಧನಾ ಪತ್ರಿಕೆಗೆ ಕನ್ನಡ ಅಧ್ಯಾಪಕ ಪಂಚಾಕ್ಷರಪ್ಪ ಹೊಸದಾಗಿ ಸಂಪಾದಕರಾದರು. ಪಾಪ, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಪ್ರಿನ್ಸಿಪಾಲ್ ಈರಬಸಪ್ಪ ಕರೆದು, "ನೋಡ್ರಿ, ಕದ್ದ ಲೇಖನ ಒಂದು ಅಚ್ಚಾದ್ರೂ ನಿಮ್ಮನ್ನ ಕಾಯಂ ಮಾಡಾಕೆ ನಾನು ಸಹಿ ಹಾಕಲ್ಲ" ಎಂದುಬಿಟ್ಟರು.

ಕಳ್ಳತನ ಹಿಡಿಯುವುದು ಹೇಗೆ? ನಾಡಿನ ಪುಸ್ತಕಗಳನ್ನೆಲ್ಲ ಓದಿ ತಾಳೆ ನೋಡುತ್ತ ಕೂತರೆ ಕಾಯಂ ಆಗುವ ಮೊದಲೇ ನಿವೃತ್ತಿ! ಪಂಚಾಕ್ಷರಪ್ಪನವರಿಗೆ ಉಪಾಯವೊಂದು ಹೊಳೆದು ಮೈಯೆಲ್ಲ ಜುಮ್ಮೆಂದಿತು. ಅಚ್ಚಿಗೆ ಕಳಿಸುವ ದಿನ ಬೆಳಿಗ್ಗೆ ಎಲ್ಲರನ್ನೂ ಸ್ಟಾಫ್ ರೂಮಿನಲ್ಲಿ ಕೂರಿಸಿದರು.

"ಒಂದೊಂದೇ ಲೇಖನ ಓದ್ತೀನಿ. ಮೊದ್ಲೇ ಕೇಳಿದೋರು ಕೈ ಎತ್ರಿ!"

ಕೋಟೆಯ ಹೊಂಡಗಳ ಲೇಖನ ಎರಡು ಸಾಲು ದಾಟುವಷ್ಟರಲ್ಲಿ ಅರ್ಥಶಾಸ್ತ್ರದ ಜಂಪಣ್ಣ ಕೈ ಎತ್ತಿದರು. "ಇದು ನಂಗೆ ಬಾಯಿಪಾಠ ಐತೆ!"

ಕುರಿಗಾರರ ಕಂಬಳಿಯ ಲೇಖನಕ್ಕೆ ಗ್ರಂಥಪಾಲಕಿ ಚಿತ್ತಮ್ಮ ಎದ್ದೇ ನಿಂತರು. "ಮುಂದಿನ ಸಾಲು ನಾನ್ ಹೇಳ್ಲಾ ಸಾರ್?" ಹೇಳಿಯೂಬಿಟ್ಟರು. ತೆಂಗಿನ ತೋಟಗಳ ಲೇಖನಕ್ಕೆ ಕೋಣೆ ತುಂಬ ಕೈಗಳೇ.

ಮೂವರು ಕಳ್ಳರು ಒಂದೇ ಬಲೆಗೆ! ಕುಣಿಯುವುದೊಂದು ಬಾಕಿ. ಪಂಚಾಕ್ಷರಪ್ಪ ಮೂರರ ಮೇಲೂ ಕೆಂಪು ಶಾಯಿಯಲ್ಲಿ 'ಕಳವು' ಎಂದು ದಪ್ಪಗೆ ಬರೆದು, ಆಗಲೇ ಲೇಖಕರಿಗೆ ಅಂಚೆಯಲ್ಲಿ ಅಟ್ಟಿಸಿದರು.

ಉಳಿದದ್ದು ಅಂದೇ ಟಪಾಲಿನಲ್ಲಿ ಬಂದಿದ್ದ, ಹಿರಿಯೂರಿನ ಓಬಳೇಶಪ್ಪ ಎಂಬುವವರ ವೇದಾವತಿ ತೀರದ ಹಳ್ಳಿಗಳ ಲೇಖನ. ಕೊನೆಯವರೆಗೂ ಓದಿದರು. ಒಂದು ಕೈಯೂ ಏಳಲಿಲ್ಲ.

"ಅಪ್ಪಟ ಹೊಸದು ಕಣ್ರಿ!" ಎಂದು ಜಂಪಣ್ಣ ಮೇಜು ಗುದ್ದಿದರು.

ಪಂಚಾಕ್ಷರಪ್ಪ ಲೇಖನ ಹಿಡಿದು ಪ್ರಿನ್ಸಿಪಾಲರ ಕೋಣೆಗೆ ಓಡಿ, ಮೂವರು ಕಳ್ಳರು ಸಿಕ್ಕಿಬಿದ್ದ ಕಥೆ ಹೇಳಿದರು. ಹಿಂದೆಯೇ ಇಡೀ ಸ್ಟಾಫ್ ರೂಮು.

"ಆ ಮೂರನ್ನ ಇವ್ರು ಎಲ್ಲಿ ಕೇಳಿದ್ರಂತೆ?" ಕೇಳಿದರು ಈರಬಸಪ್ಪ.

"ಮತ್ತೆಲ್ಲಿ ಸಾರ್, ಈ ಸಂಪಾದಕ್ರ ಬಾಯಲ್ಲೇ!" ಎಂದರು ಚಿತ್ತಮ್ಮ. "ಲೇಖನ ಬಂದ್ರೆ ಸಾಕು, ದಿನಾ ಗಟ್ಟಿಯಾಗಿ ಓದ್ತಾ ಕುಂತಿರ್ತಾರೆ. ನೆಮ್ಮದಿಯಾಗಿ ಚಾ ಕುಡಿಯಾಕೂ ಬಿಡಲ್ಲ."

ಪಂಚಾಕ್ಷರಪ್ಪ ಕಿಟಕಿಯಾಚೆ ನೋಡಿದರು. ಅಂಚೆಯಂತೂ ಹೊರಟುಹೋಗಿತ್ತು. "ಆದ್ರೂ ಒಂದು ಉಳಿದೈತೆ ಸಾರ್! ಯಾರೂ ಕೇಳಿಲ್ಲ, ಯಾರೂ ಓದಿಲ್ಲ!" ಎಂದು ಲೇಖನ ಚಾಚಿದರು.

ಈರಬಸಪ್ಪ ಓದುತ್ತ ಓದುತ್ತ ಕೆಂಪಾದರು.

"ಇದು ನನ್ ಲೇಖನ ಕಣ್ರಿ! ಹೋದ ವರ್ಷ ನಮ್ ಪತ್ರಿಕೇಲೇ ಬಂದಿತ್ತು. ಒಂದಕ್ಷರ ಬದಲಾಗಿಲ್ಲ. ನಿಮಗೆಲ್ಲ ಒಂದೊಂದು ಪ್ರತಿ ನಾನೇ ಕೈಯಾರೆ ಕೊಟ್ಟಿದ್ದೆ!"

ಜಂಪಣ್ಣ ಮೆಲ್ಲಗೆ ಬಾಗಿಲ ಕಡೆ ಸರಿದರು. ಉಳಿದವರೂ ಜಾಗ ಖಾಲಿ ಮಾಡಿದರು.

"ಅಚ್ಚಾಗೋ ಮುಂಚೇನೇ ಸಿಕ್ತಲ್ಲ ಸಾರ್..." ಎಂದರು ಪಂಚಾಕ್ಷರಪ್ಪ, ಇದ್ದಬದ್ದ ಧೈರ್ಯವನ್ನೆಲ್ಲ ಕೂಡಿಸಿ.

"ಅದಿರ್ಲಿ. ನಿಮ್ ಲೇಖನ ಮೂರು ಸಲ ಓದ್ದೆ, ಕಣ್ಣಲ್ಲಿ ನೀರು ಬಂತು ಅಂತ ಮನೆಗೆ ಬಂದು ಹೇಳಿದ್ರಲ್ಲ, ಅದ್ಯಾವ ಲೇಖನ?" ಎಂದು ಕೇಳಿದ ಈರಬಸಪ್ಪ, ಸಹಿ ಹಾಕುವ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು.