ಹಿರಿಯರು ಚಮಚ ಎತ್ತುವ ತನಕ

ನಮ್ಮ ಭಾವ ಕೊರಿಯಾದ ನೆಲ ಮುಟ್ಟಿದವರಲ್ಲ. ಆದರೂ ಕುವೈತಿನ ಫರ್ವಾನಿಯಾದಲ್ಲಿ, ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕೂತುಕೊಂಡೇ ಅವರು ಕೊರಿಯನ್ ಆಗಿಬಿಟ್ಟಿದ್ದರು ಎಂದರೆ ನೀವು ನಂಬಲೇಬೇಕು! ಇಕಾಮಾದಲ್ಲಿ, ಅಂದರೆ ಕುವೈತಿನ ವಾಸದ ಪರವಾನಗಿಯಲ್ಲಿ, ಮಾತ್ರ ಭಾರತೀಯ ಎಂದಿತ್ತು.

ಭಾವ ಅಂದರೆ ನನ್ನ ಹೆಂಡತಿಯ ಅಣ್ಣ. ಕುಂದಾಪುರದ ಕಡೆಯವರು, ಮದುವೆಯಾಗದವರು, ನನಗಿಂತ ಕೆಲವೇ ತಿಂಗಳು ದೊಡ್ಡವರು. ಕೊರಿಯಾದವರ ಕಟ್ಟಡ ಕಂಪನಿಯೊಂದರಲ್ಲಿ ಸ್ಟೋರ್ ಕೀಪರ್. ಸಿಮೆಂಟು, ಕಬ್ಬಿಣ ಕಾಯಬೇಕಾದ ಮನುಷ್ಯ ಅಲ್ಲಿನ ಫೋರ್‌ಮನ್‌ಗಳಿಂದ ಮೊದಲು ಬೈಗುಳ ಕಲಿತರು, ಆಮೇಲೆ ಲಿಪಿ, ಕಡೆಗೆ ಕಾವ್ಯಕ್ಕೇ ಕೈ ಹಾಕಿದರು. ಅದು ಹೇಗೋ ಸಿಯೋಲ್‌ನ ಸಂಸ್ಥೆಯೊಂದಕ್ಕೆ ತಿಳಿಯಿತು. ತಮ್ಮ ಭಾಷೆಯನ್ನು ಪರದೇಶಗಳಲ್ಲಿ ಹಬ್ಬಿಸುವುದೇ ಅದರ ಕಸುಬು. ಕೇಳಿದವರಿಗೆ ಪುಸ್ತಕ ಕಳಿಸುತ್ತದೆ, ಕಲಿತವರನ್ನು ಖರ್ಚು ಕೊಟ್ಟು ಕರೆಸಿಕೊಳ್ಳುತ್ತದೆ. ಒಂದು ದಿನ ಪೆಟ್ಟಿಗೆಗಟ್ಟಲೆ ಪುಸ್ತಕ ಮನೆಗೆ ಬಂತು. ನಿಘಂಟು, ಚರಿತ್ರೆ, ಕವಿತೆ, ಬರೀ ಮಡಕೆಗಳ ಚಿತ್ರವಿರುವ ಒಂದು ದಪ್ಪ ಪುಸ್ತಕ. ಜಾಗ ಮಾಡಲು ಹೆಂಡತಿ ಮಂಚದ ಕೆಳಗಿದ್ದ ಕಟ್ಟೊಂದನ್ನು ಎಳೆದು ಬಾಲ್ಕನಿಗೆ ಹಾಕಿದಳು. ಆ ಕಟ್ಟಿನಲ್ಲಿದ್ದದ್ದು ನನ್ನ ಕವನ ಸಂಕಲನದ ಮಾರಾಟವಾಗದ ಪ್ರತಿಗಳು!

ಹೊಟ್ಟೆಕಿಚ್ಚೇ ಎಂದಿರಾ? ಮತ್ತಿನ್ನೇನು! ಹಗಲೆಲ್ಲ ಮಿರ್ಕಾಬಿನ ಆಫೀಸಿನಲ್ಲಿ ಇನ್‌ವಾಯ್ಸ್ ಟೈಪು ಮಾಡಿ, ಸಂಜೆ ಪ್ರಾಸವೂ ಪೂರ್ಣವಿರಾಮವೂ ಇಲ್ಲದ ಕವಿತೆ ಬರೆಯುತ್ತಿದ್ದವನು ನಾನು. ಬಾ, ನಮ್ಮ ಕನ್ನಡ ಕಲಿ ಎಂದು ಯಾವ ಕೊರಿಯನ್ನನಿಗೆ ಯಾರು ಟಿಕೆಟ್ ಕಳಿಸಿದರು? ಅಷ್ಟು ದೂರವೇಕೆ, ಕವಿತೆ ಓದುತ್ತೇನೆ ಬನ್ನಿ ಎಂದರೆ ಸಲ್ವಾದ ಗೆಳೆಯರಿಗೆ ಫರ್ವಾನಿಯಾ ದೂರವಾಗುತ್ತಿತ್ತು. ಭಾವನ ಕೊರಿಯನ್ ಕೇಳಲು ಮಾತ್ರ ಬಸ್ಸು ಬದಲಿಸಿಕೊಂಡು ಬರುತ್ತಿದ್ದರು.

ಭಾವ ಅಲ್ಲಿನ ಎಲೆಕೋಸಿನ ಉಪ್ಪಿನಕಾಯಿ ಹಾಕಿದ ಕತೆ ಕೇಳಿ. ಗಾಜಿನ ಜಾಡಿಯ ಬಾಯಿ ಬಿಗಿದು ಬಾಲ್ಕನಿಯಲ್ಲಿಟ್ಟರು. ಎಲ್ಲಿ? ನನ್ನ ಕಟ್ಟಿನ ಮೇಲೆ! ಆ ಹಿಮದ ದೇಶದ ಉಪ್ಪಿನಕಾಯಿಗೆ ಕುವೈತಿನ ಬಿಸಿಲು ಗೊತ್ತೇ? ಮೂರನೆಯ ದಿನಕ್ಕೆ ಜಾಡಿ ಸಿಡಿಯಿತು. ಕಟ್ಟಡ ಕಾಯುವ ಈಜಿಪ್ಟಿನ ಹಾರಿಸ್, ಎಲ್ಲೋ ಇಲಿ ಸತ್ತಿದೆ ಎಂದು ಹುಡುಕುತ್ತ ಬಂದವನು ಅಳಿದುಳಿದ ಉಪ್ಪಿನಕಾಯಿಯನ್ನೇ ಒಂದು ಬಟ್ಟಲು ಕೇಳಿ ತೆಗೆದುಕೊಂಡು ಹೋದ. ಕೆಂಪಗೆ ತೊಯ್ದ ನನ್ನ ಪುಸ್ತಕಗಳನ್ನು ನೋಡಿ ಹೆಂಡತಿ, "ಅಂತೂ ನಿಮ್ಮ ಪದ್ಯಕ್ಕೆ ಸ್ವಲ್ಪ ಖಾರ ಬಂತು" ಎಂದಳು. ಆ ಸಂಕಲನಕ್ಕೆ ಬಂದ ಏಕೈಕ ವಿಮರ್ಶೆ ಅದು!

ಇನ್ನು ಶುಕ್ರವಾರದ ಊಟ. ಹಿರಿಯರು ಚಮಚ ಎತ್ತುವ ತನಕ ಯಾರೂ ತಿನ್ನಬಾರದು, ಹಿರಿಯರು ಏಳುವ ತನಕ ಯಾರೂ ಏಳಬಾರದು, ಏನು ಕೊಟ್ಟರೂ ತೆಗೆದುಕೊಂಡರೂ ಎರಡೂ ಕೈಯಲ್ಲಿ. ಇವು ಕೊರಿಯಾದ ಪದ್ಧತಿಗಳಂತೆ. ಹಿರಿಯರು ಯಾರು? ಕೆಲವೇ ತಿಂಗಳ ಅಂತರದಲ್ಲಿ, ಭಾವ! ಎತ್ತಿದ ಚಮಚವನ್ನು ಅರ್ಧದಲ್ಲೇ ನಿಲ್ಲಿಸಿ ಅವರು ಯಾವುದೋ ರಾಜವಂಶದ ವಿಷಯ ಶುರುಮಾಡಿದರೆ ಸಾರು ಆರಿ, ಅನ್ನ ಗಟ್ಟಿಯಾಗಿ, ಮಗಳು "ಮಾಮ, ಐ ಆಮ್ ಹಂಗ್ರಿ" ಎಂದು ಅಳುವವರೆಗೂ ಆ ವಂಶ ಮುಗಿಯುತ್ತಿರಲಿಲ್ಲ. ನಾನು ಮಾತ್ರ ಛಲಕ್ಕೆ ಒಂದೇ ಕೈಯಲ್ಲಿ ಹಪ್ಪಳ ಇಸಿದುಕೊಳ್ಳುತ್ತಿದ್ದೆ.

ತೊಂಬತ್ತರ ಬೇಸಿಗೆಯಲ್ಲಿ ಸಿಯೋಲ್‌ನಿಂದ ಕರೆ ಬಂತು. ಒಂದು ವರ್ಷದ ಓದು, ಊಟ, ವಸತಿ, ವಿಮಾನ, ಎಲ್ಲ ಅವರದೇ. ಸೆಪ್ಟೆಂಬರಿನಲ್ಲಿ ಪಾಠ ಶುರು. ಆಗ ಬಾರದವರ ಜಾಗ ಬೇರೆಯವರಿಗೆ. ಭಾವ ಉಣ್ಣೆಯ ಕೋಟು ಕೊಂಡು, ಆ ಸೆಕೆಯಲ್ಲಿ ಅದನ್ನು ತೊಟ್ಟೇ ಮನೆಯಲ್ಲಿ ಓಡಾಡಿದರು. ಏನಾದರೊಂದು ಅಡ್ಡ ಬರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಒಂದು ಸಣ್ಣ ಜ್ವರವೋ, ವೀಸಾದ ತಕರಾರೋ ಸಾಕಿತ್ತು. ನಾನು ಬೇಡಿದ್ದು ಸೈನ್ಯವನ್ನಲ್ಲ!

ಆಗಸ್ಟಿನಲ್ಲಿ ಇರಾಕಿನ ಟ್ಯಾಂಕುಗಳು ಬಂದವು. ನನ್ನ ಆಫೀಸು ಖಲಾಸ್, ಭಾವನ ಸ್ಟೋರ್ ಲೂಟಿ, ಪುಸ್ತಕಗಳೆಲ್ಲ ಇದ್ದಲ್ಲೇ ಉಳಿದವು. ಬಸ್ರಾ, ಬಾಗ್ದಾದ್ ದಾಟಿ ಬಸ್ಸಿನಲ್ಲಿ ಜೋರ್ಡಾನಿನ ಡೇರೆಗಳಿಗೆ ಬಂದು ಬಿದ್ದೆವು. ನಮ್ಮ ವಿಮಾನದ ಸರದಿ ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ. ಹೆಂಡತಿಗೆ ಜ್ವರ. ಒಂದು ಮಧ್ಯಾಹ್ನ ಭಾವನ ಕಂಪನಿಯ ಕೊರಿಯನ್ ಮ್ಯಾನೇಜರು ಹುಡುಕಿಕೊಂಡು ಬಂದ. ಅವರ ವಿಮಾನ ಸಂಜೆ ಸಿಯೋಲ್‌ಗೆ ಹೊರಡುತ್ತದೆ, ಭಾವನಿಗೊಂದು ಸೀಟಿದೆ.

ಹೋಗುತ್ತಾರೆ ಎಂದುಕೊಂಡೆ. ಆಗಲೂ ಹೊಟ್ಟೆ ಉರಿಯಿತು, ಸುಳ್ಳೇಕೆ? ಭಾವ ಅವನಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿ ಏನೋ ಹೇಳಿದರು. ಅವನೂ ಬಗ್ಗಿದ. ಹೊರಟುಹೋದ.

"ಭಾವ, ಸೀಟು?" ಎಂದೆ.

"ಅದು ಆಗ್ಲಿಕ್ಕಿಲ್ಲ ಮಾರಾಯ್ರೆ. ಚಿಕ್ಕವರೆಲ್ಲ ಎದ್ದ ಮೇಲೆಯೇ ಹಿರಿಯ ಏಳ್ಬೇಕು. ಅಲ್ಲಿಯ ಪದ್ಧತಿ."

"ನೀವು ಹೇಳ್ತಿದ್ದದ್ದು ತಿರುಗಾಮುರುಗಾ ಅಲ್ವಾ?"

"ನಿಮಗೆ ಕೊರಿಯಾದ್ದು ಎಂತ ಗೊತ್ತುಂಟು?"

ಕೊರಿಯಾದ ಬಗ್ಗೆ ಅವರು ಹೇಳಿದ ಒಂದೇ ಒಂದು ಸುಳ್ಳು ಅದು. ಸಿಯೋಲ್‌ನ ಆ ಜಾಗ ಬೇರೆ ಯಾರಿಗೋ ಹೋಯಿತು.

ಇಷ್ಟು ಅಚ್ಚುಕಟ್ಟಾಗಿ ನಡೆಯಿತೇ? ನನಗೆ ನನ್ನ ನೆನಪಿನ ಮೇಲೆ ನಂಬಿಕೆಯಿಲ್ಲ. ಅದು ನನ್ನ ಕವಿತೆಯ ಹಾಗಲ್ಲ, ಸಿಕ್ಕಲ್ಲೆಲ್ಲ ಪ್ರಾಸ ಹಾಕುತ್ತದೆ. ಮ್ಯಾನೇಜರು ಬಂದದ್ದು ಬೆಳಿಗ್ಗೆ ಎನ್ನುತ್ತಾಳೆ ಹೆಂಡತಿ. ಮಗಳಿಗೆ ನೆನಪಿರುವುದು ಮಾಮನ ಕೋಟು ಮಾತ್ರ. ರಾತ್ರಿ ಅದನ್ನು ಹೊದೆದು ಮಲಗುತ್ತಿದ್ದವಳು ಅವಳೇ.

ಆ ಸಂಜೆ ಭಾವ ಸಾಲಿನಲ್ಲಿ ನಿಂತು ಖುಬ್ಬುಸ್ ತಂದರು. ಎಲ್ಲರೂ ತಿನ್ನುವ ತನಕ ಮುಟ್ಟಲಿಲ್ಲ. ನನ್ನ ಪಾಲಿನ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಸ್ವಲ್ಪ ಬಗ್ಗಿಸಿ ನನಗೆ ಕೊಟ್ಟರು. ಅವತ್ತು ನಾನೂ ಎರಡೂ ಕೈ ಚಾಚಿದೆ.

ಆಗ ನಿಮ್ಮ ಒಂದು ಕೈಯಲ್ಲಿ ಮಗಳಿದ್ದಳಲ್ಲ ಎನ್ನುತ್ತಾಳೆ ಹೆಂಡತಿ. ಇದ್ದಿರಬಹುದು. ಎರಡನೆಯ ಕೈಯನ್ನು ಎಲ್ಲಿಂದ ತಂದೆನೋ ನನಗೆ ಗೊತ್ತಿಲ್ಲ.