ಗಂಡನ ಹಗ್ಗ ವೈರಿಯ ಕೈಯಲ್ಲಿ

ಹೆಂಡತಿಯರಿಗೆ ನಾನಾ ಬಗೆಯ ಚಿಂತೆಗಳಿರುತ್ತವೆ. ಒಬ್ಬಳ ಗಂಡ ಹೊತ್ತಿಗೆ ಸರಿಯಾಗಿ ಮನೆಗೆ ಬರುವುದಿಲ್ಲ, ಇನ್ನೊಬ್ಬಳ ಗಂಡ ಮನೆ ಬಿಟ್ಟು ಕದಲುವುದೇ ಇಲ್ಲ. ನನ್ನ ಚಿಂತೆ ಸ್ವಲ್ಪ ಎತ್ತರದ್ದು. ಅಳೆದು ಹೇಳಬೇಕೆಂದರೆ ಹದಿನೈದು ಅಡಿ. ನನ್ನ ಗಂಡ ದಿನಕ್ಕೆ ಹತ್ತು ಹನ್ನೆರಡು ಸಲ ಆ ಎತ್ತರದಲ್ಲಿ ನೇತಾಡುತ್ತಾರೆ. ಅವರನ್ನು ಹಿಡಿದಿರುವ ಹಗ್ಗದ ಇನ್ನೊಂದು ತುದಿ ಅವರ ಪರಮ ವೈರಿಯ ಕೈಯಲ್ಲಿರುತ್ತದೆ.

ನೀವು ಗಾಬರಿಯಾಗಬೇಡಿ. ಆ ಕೆಲಸವನ್ನು ನಾನು ಆಗಲೇ ಸಾಂಗವಾಗಿ ಮಾಡಿ ಮುಗಿಸಿದ್ದೇನೆ.

ಟೀವಿಯಲ್ಲಿ ‘ಮೋಡಮಲ್ಲ’ ಅಂತ ಒಂದು ಧಾರಾವಾಹಿ. ಆತ ಒಂದು ಕೈಯಲ್ಲಿ ಬಸ್ಸು ಎತ್ತುತ್ತಾನೆ, ಇನ್ನೊಂದು ಕೈಯಲ್ಲಿ ಬಸ್ಸಿನಿಂದ ಬಿದ್ದವರನ್ನು ಹಿಡಿಯುತ್ತಾನೆ, ಕೆಲಸ ಮುಗಿದ ಮೇಲೆ ಬೆನ್ನ ಹಿಂದೆ ನೀಲಿ ಬಟ್ಟೆ ಪಟಪಟ ಅನ್ನಿಸುತ್ತ ಆಕಾಶಮಾರ್ಗವಾಗಿ ಹೊರಟುಹೋಗುತ್ತಾನೆ. ನೆಲದ ಮೇಲೆ ನಿಂತು ಮುಗುಳ್ನಗುವ ಮುಖ ಹೀರೋದು. ಆಕಾಶದಲ್ಲಿ ಕಾಣುವ ಬೆನ್ನು ನನ್ನ ಗಂಡನದು. ಲಕ್ಷಾಂತರ ಜನ ನೋಡುವ ಆ ಬೆನ್ನಿಗೆ ನೋವಿನೆಣ್ಣೆ ಹಚ್ಚುವ ಸೌಭಾಗ್ಯ ನನ್ನದು.

ಇನ್ನು ವೈರಿಯ ವಿಚಾರ. ಗಂಟಣ್ಣ ಅಂತ. ಗಂಟು ಹಾಕುವುದರಲ್ಲಿ ನಿಸ್ಸೀಮ, ಅದಕ್ಕೇ ಆ ಹೆಸರು. ಇವರೂ ಅವರೂ ಒಂದೇ ತಟ್ಟೆಯಲ್ಲಿ ಉಂಡವರು. ಸಿನಿಮಾಗಳಲ್ಲಿ ಮಹಡಿಯಿಂದ ಬೀಳುವುದಿದ್ದರೂ ಜೋಡಿಯಾಗಿಯೇ ಬೀಳುತ್ತಿದ್ದರು. ನನ್ನನ್ನು ‘ತಂಗಿ’ ಎಂದು ಕರೆಯುತ್ತಿದ್ದರು. ಒಂದೂವರೆ ವರ್ಷದ ಹಿಂದೆ ಯಾರೋ ಒಬ್ಬರು (ಯಾರೋ ಅನ್ನುವುದನ್ನು ಸದ್ಯಕ್ಕೆ ಹಾಗೇ ಬಿಡಿ) ಫೈಟ್ ಮಾಸ್ಟರ್ ಕಿವಿಗೆ ಗಂಟಣ್ಣನ ಮಂಡಿ ಸರಿಯಿಲ್ಲವೆಂದು ಹಾಕಿದರು. ಮಾಸ್ಟರ್ ಅವರನ್ನು ಬೀಳುವ ಕೆಲಸದಿಂದ ತೆಗೆದು, ಹಗ್ಗ ಎಳೆಯುವ ಕೆಲಸಕ್ಕೆ ಹಾಕಿದರು. ಮಂಡಿಯ ಗುಟ್ಟು ನನ್ನ ಗಂಡನೊಬ್ಬನಿಗೇ ಗೊತ್ತಿದ್ದದ್ದು. ಅಲ್ಲಿಗೆ ಮುಗಿಯಿತು. ಗಂಟಣ್ಣ ಬೇರೆ ತಂಡ ಸೇರಿದರು. ದಾರಿಯಲ್ಲಿ ಎದುರಾದರೆ ಈ ಕಡೆಯ ಫುಟ್‌ಪಾತಿನಿಂದ ಆ ಕಡೆಗೆ ದಾಟುತ್ತಿದ್ದರು, ಅದೂ ಕುಂಟುತ್ತ.

ಮೊನ್ನೆ ಮೊನ್ನೆ ಮೋಡಮಲ್ಲನ ಹಗ್ಗದವರು ಕೆಲಸ ಬಿಟ್ಟರು. ಮಾಸ್ಟರ್ ಗಂಟಣ್ಣನನ್ನು ಕರೆಸಿದರು. ಮೋಡಮಲ್ಲನ ಉಡುಪು ನನ್ನ ಗಂಡನ ಮೈಗೇ ಹೊಲಿದದ್ದು, ಇನ್ನೊಬ್ಬರಿಗೆ ಆಗುವುದಿಲ್ಲ. ಆ ಉಡುಪನ್ನು ಬೀಳಿಸದೆ ಹಾರಿಸುವ ಕೈ ಗಂಟಣ್ಣನದೊಂದೇ. ಹಾವನ್ನೂ ಮುಂಗುಸಿಯನ್ನೂ ಒಂದೇ ಹಗ್ಗಕ್ಕೆ ಕಟ್ಟಿದಂತಾಯಿತು.

“ರೀ, ಬೇರೆ ಹಗ್ಗದವರು ಈ ಊರಲ್ಲಿ ಇಲ್ವಾ?” ಅಂತ ಕೇಳಿದೆ.

“ಇದ್ದಾರೆ. ಅವನಷ್ಟು ಚೆನ್ನಾಗಿ ಎತ್ತೋರು ಇಲ್ಲ.”

“ಎತ್ತೋದು ಸರಿ. ಇಳಿಸೋದು?”

“ಅದೂ ಅವನೇ ಕಣೆ.”

“ಅವರು ನಿಮ್ಮ ಮುಖ ಕೂಡ ನೋಡಲ್ಲ.”

“ಮುಖ ನೋಡೋಕೆ ಹೀರೋ ಇದಾನೆ. ಇವನು ನನ್ನ ಬೆಲ್ಟು ನೋಡಿದ್ರೆ ಸಾಕು,” ಅಂದು ಹೊದಿಕೆ ಎಳೆದುಕೊಂಡರು. ಎರಡೇ ನಿಮಿಷಕ್ಕೆ ಗೊರಕೆ. ಬೀಳುವವರಿಗೆ ನಿದ್ದೆ ಬರುತ್ತದೆ, ಬಿದ್ದಾರೆಂದು ಕಾಯುವವರಿಗೆ ಬರುವುದಿಲ್ಲ. ನಾನು ಸಿಟಿ ಶಾಲೆಯಲ್ಲಿ ವಿಜ್ಞಾನ ಕಲಿತವಳು. ಹದಿನೈದು ಅಡಿಯಿಂದ ಬಿದ್ದ ವಸ್ತು ನೆಲ ಮುಟ್ಟಲು ಪೂರ್ತಿ ಒಂದು ಸೆಕೆಂಡೂ ಬೇಡ. ಮದುವೆಗೆ ಮುಂಚೆ ಆ ವಸ್ತು ಕಲ್ಲಾಗಿತ್ತು, ಈಗ ಗಂಡ.

ಮಾರನೆಯ ದಿನ ಇವರು ಊಟದ ಡಬ್ಬಿ ಮರೆತು ಹೋದರು (ಬಚ್ಚಿಟ್ಟವಳು ನಾನೇ). ಹತ್ತು ತಿಂಗಳ ಪುಟ್ಟಿಯನ್ನು ಸೊಂಟಕ್ಕೇರಿಸಿ, ಡಬ್ಬಿ ಹಿಡಿದು ಶೂಟಿಂಗಿಗೆ ಹೋದೆ.

ಅದೊಂದು ದೊಡ್ಡ ಗೋದಾಮು. ತಗಡಿನ ಸೂರು, ಒಂದು ಗೋಡೆಯ ತುಂಬ ಹಸಿರು ಪರದೆ, ನೆಲಕ್ಕೆ ಹಾಸಿಗೆಗಳು. ಮೇಲೆ ಕಬ್ಬಿಣದ ತೊಲೆ, ತೊಲೆಗೆ ರಾಟೆ. ಒಂದು ಮೂಲೆಯಲ್ಲಿ ಆಳೆತ್ತರದ ಫ್ಯಾನು, ಮೋಡಮಲ್ಲನ ಬೆನ್ನ ಬಟ್ಟೆ ಹಾರಿಸಲಿಕ್ಕೆ. ಅದು ತಿರುಗಿದರೆ ಪಕ್ಕದಲ್ಲಿದ್ದವರ ಮಾತೂ ಕೇಳಿಸದು. ಹಗ್ಗದ ತುದಿ ಇರುವುದು ಮೂವತ್ತು ಹೆಜ್ಜೆ ದೂರದ ಗೋಡೆಯ ಹತ್ತಿರ. ಅಲ್ಲೊಂದು ಕಟ್ಟಳೆ: ಹಾರುವವನು ತಾನಾಗಿ ‘ಸಿದ್ಧ’ ಅನ್ನುವವರೆಗೆ ಹಗ್ಗದವನು ಎಳೆಯುವ ಹಾಗಿಲ್ಲ. ಮಾತು ಬಿಟ್ಟವರು ಹೇಗೆ ಹೇಳುತ್ತಾರೆ? ಉಡುಪು ನೋಡಿಕೊಳ್ಳುವ ಅಕ್ಕ ನಡುವೆ ಓಡಾಡಿ ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಮುಟ್ಟಿಸುತ್ತಿದ್ದರಂತೆ. ನನ್ನನ್ನು ಕಂಡದ್ದೇ ತಡ, “ಎರಡು ವಾರದಿಂದ ನನ್ನ ಕಾಲು ಸೋತುಹೋಗಿದೆ. ನಿನ್ನ ಗಂಡ ತಾನೆ, ಇವತ್ತು ನೀನೇ ಓಡಮ್ಮ,” ಅಂದು ಚಾಪೆ ಹಾಸಿ ಕೂತುಬಿಟ್ಟರು.

ಮೊದಲು ಗಂಟಣ್ಣ ಬಂದು ಇವರ ಬೆಲ್ಟು ಕಟ್ಟಿದರು. ನಾನು ಕಣ್ಣು ಮಿಟುಕಿಸದೆ ನೋಡಿದೆ. ಎಲ್ಲಿ ಮೋಸ ಮಾಡುತ್ತಾರೋ ಎಂದು ನೋಡಲು ಹೋದವಳು ನೋಡುತ್ತ ನೋಡುತ್ತ ಮರುಳಾದೆ. ಕೊಕ್ಕೆಯನ್ನು ಸಿಕ್ಕಿಸಿ, ಬಿಚ್ಚಿ, ಮತ್ತೆ ಸಿಕ್ಕಿಸಿದರು. ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ. ಪಟ್ಟಿ ಚುಚ್ಚದಂತೆ ಸೊಂಟದ ಹತ್ತಿರ ಮಡಿಸಿದ ಟವೆಲೊಂದನ್ನು ಇಟ್ಟರು. ತಾವೇ ಹಗ್ಗಕ್ಕೆ ಜೋತುಬಿದ್ದು ರಾಟೆ ಪರೀಕ್ಷಿಸಿದರು. ಇಷ್ಟೆಲ್ಲ ಮಾಡುವಾಗಲೂ ಮುಖ ಮಾತ್ರ ಪೂರ್ತಿ ಪಕ್ಕಕ್ಕೆ. ಸ್ವಂತ ತಮ್ಮನಿಗೂ ಯಾರೂ ಅಷ್ಟು ಜೋಪಾನವಾಗಿ ಬೆಲ್ಟು ಕಟ್ಟಲಾರರು.

ಆದರೆ ಮೆಚ್ಚುಗೆ ಬೇರೆ, ಭಯ ಬೇರೆ. ಭಯಕ್ಕೆ ಕಣ್ಣಿಲ್ಲ.

“ಸಿದ್ಧನಾ ಅಂತ ಅವರನ್ನ ಕೇಳಿ, ಮೇಡಂ,” ಅಂದರು ಗಂಟಣ್ಣ ಗೋಡೆಯ ಹತ್ತಿರದಿಂದ. ತಂಗಿಯಾಗಿದ್ದವಳು ಮೇಡಂ ಆಗಿದ್ದೆ.

ಇವರ ಹತ್ತಿರ ಓಡಿದೆ. “ಸಿದ್ಧ. ಹದಿನೈದು ಅಡಿ, ಒಂದೇ ಏಟಿಗೆ ಎತ್ತಲಿ ಅನ್ನು,” ಅಂದರು.

ಮೂವತ್ತು ಹೆಜ್ಜೆ ನಡೆಯುವುದೆಂದರೆ ಯೋಚನೆ ಮಾಡಲು ಬೇಕಾದಷ್ಟು ಸಮಯ. ಹತ್ತನೆಯ ಹೆಜ್ಜೆಗೆ ಹದಿನೈದು ಅಡಿ ಹನ್ನೆರಡಾಯಿತು. ಇಪ್ಪತ್ತನೆಯದಕ್ಕೆ ಹತ್ತು. ಗೋಡೆ ಮುಟ್ಟಿದಾಗ, “ಎಂಟಡಿ ಸಾಕಂತೆ. ನಿಧಾನವಾಗಿ ಅಂತೆ,” ಅಂದೆ.

ಗಂಟಣ್ಣ ಹುಬ್ಬೇರಿಸಿದರು. ಆದರೂ ಹಾರುವವನ ಮಾತೇ ಮಾತು. ಮೋಡಮಲ್ಲ ಬಾವಿಯಿಂದ ಬರುವ ಕೊಡದ ಹಾಗೆ ಇಷ್ಟಿಷ್ಟೇ ಮೇಲೇರಿ ಎಂಟಡಿಗೆ ನಿಂತ.

“ಇದೇನ್ರೀ,” ಮಾಸ್ಟರ್ ತಲೆ ಚಚ್ಚಿಕೊಂಡರು. “ಲೋಕ ಉಳಿಸೋಕೆ ಹೊರಟ ಹಾಗಿದೆಯಾ ಇದು? ಕಪಾಟಿನ ಮೇಲಿನ ಡಬ್ಬಿ ತೆಗೆಯೋಕೆ ಹೋದ ಹಾಗಿದೆ.”

ಇಳಿಸಿದರು. ಗಂಟಣ್ಣ ನನಗೆ ಹೇಳಿದರು: “ಮೇಲೆ ಹೋಗೋಕೆ ಭಯವಾಗ್ತಿದ್ರೆ ಮುಚ್ಚುಮರೆ ಬೇಡ ಅಂತ ಹೇಳಿ.”

ಇದನ್ನು ಹಾಗೆಯೇ ಹೇಳಿದರೆ ಹೊಡೆದಾಟವೇ. ನಾನು ಇವರ ಹತ್ತಿರ ಹೋಗಿ, “ಪಾಪ, ಅವರಿಗೆ ಕೈ ನೋವಂತೆ,” ಅಂದೆ.

“ಕೈ ನೋವಿದ್ರೆ ರಜೆ ಹಾಕಲಿ ಅನ್ನು.”

ಗಂಟಣ್ಣನ ಹತ್ತಿರ, “ನಿಮ್ಮ ಆರೋಗ್ಯ ವಿಚಾರಿಸಿದ್ರು,” ಅಂದೆ. ಪುಟ್ಟಿ ಅವರ ಮೀಸೆಗೆ ಕೈ ಹಾಕಿದಳು. ಅವರು ತಲೆ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಎರಡನೆಯ ಸಲ ಮಾಸ್ಟರ್ ನನ್ನನ್ನು ನಂಬಲಿಲ್ಲ. ತಾವೇ ಇವರಿಂದ ‘ಸಿದ್ಧ’ ಅನ್ನಿಸಿ, “ಹದಿನೈದು,” ಎಂದು ಕೂಗಿದರು. ಗಂಟಣ್ಣ ಎಳೆದರು. ಅಯ್ಯೋ, ಏನು ಹೇಳಲಿ. ನನ್ನ ಗಂಡ ಬಾಣದ ಹಾಗೆ ಮೇಲೆ ಚಿಮ್ಮಿದರು. ನೀಲಿ ಬಟ್ಟೆ ಅಗಲವಾಗಿ ಬಿಚ್ಚಿಕೊಂಡಿತು. ಒಂದು ಕ್ಷಣ ನನಗೂ ಹಗ್ಗ ಕಾಣಿಸಲಿಲ್ಲ, ಆತ ನಿಜವಾಗಿಯೂ ಹಾರುತ್ತಿದ್ದ. ಮನೆಯಲ್ಲಿ ಬಲ್ಬು ಬದಲಿಸಲು ಸ್ಟೂಲು ಹತ್ತಿದರೆ ತೂರಾಡುವ ಮನುಷ್ಯ ಇವರೇನಾ ಅನ್ನಿಸಿತು.

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು. ಕಿಟಕಿಯ ಬೆಳಕಿನಲ್ಲಿ ಮೋಡಮಲ್ಲ ಸುಮ್ಮನೆ ನೇತಾಡುತ್ತಿದ್ದ. ಗೋದಾಮಿನಲ್ಲಿ ಮೊದಲ ಸಲ ನಿಶ್ಶಬ್ದ.

ಮೇಲಿನಿಂದ ಮಾತು ಬಂತು. “ಲೋ. ಕೈ ನೋವಿದ್ರೆ ಮೊದಲು ನನ್ನ ಇಳಿಸೋ.”

ಒಂದೂವರೆ ವರ್ಷದ ಮೇಲೆ ಮೊದಲ ಮಾತು.

“ಯಾರಿಗೋ ಕೈ ನೋವು?” ಕೆಳಗಿನಿಂದ ಉತ್ತರ. “ಎಂಟಡಿ ಸಾಕು ಅಂತ ಹೆದರಿದವನು ನೀನು.”

“ನಾನಾ?”

ಮೇಲಿನಿಂದ ಎರಡು ಕಣ್ಣು, ಕೆಳಗಿನಿಂದ ಎರಡು ಕಣ್ಣು ನನ್ನ ಕಡೆ ತಿರುಗಿದವು. ನಾನು ಪುಟ್ಟಿಯ ಕಾಲುಚೀಲ ಸರಿಮಾಡತೊಡಗಿದೆ. ಅದು ಸರಿಯಾಗಿಯೇ ಇತ್ತು.

“ನನ್ನ ನೋವಿನ ಸುದ್ದಿ ಹಬ್ಬಿಸೋದು ನಿಮ್ಮ ಮನೆಯೋರಿಗೆ ಅಭ್ಯಾಸ,” ಗಂಟಣ್ಣನ ದನಿ ಗಟ್ಟಿಯಾಯಿತು. “ಇವತ್ತು ಕೈ. ಅವತ್ತು ಮಂಡಿ.”

“ಮಂಡಿ ವಿಷಯ ನಾನು ಹೇಳಿಲ್ಲ ಕಣೋ.”

“ಮತ್ಯಾರು ಹೇಳಿದ್ದು? ನಿನ್ನ ಬಿಟ್ಟು ಯಾರಿಗೆ ಗೊತ್ತಿತ್ತು? ಹೇಳು. ಮೇಲಿದೀಯ, ಓಡಿಹೋಗೋಕೂ ಆಗಲ್ಲ.”

ನನ್ನ ಗಂಡ ಬಾಯಿ ತೆರೆದರು. ನನ್ನನ್ನು ನೋಡಿದರು. ಬಾಯಿ ಮುಚ್ಚಿ, ತಗಡಿನ ಸೂರನ್ನು ನೋಡುತ್ತ ನೇತಾಡಿದರು.

ಆಗ ನನಗೆ ಹೊಳೆಯಿತು. ಇವರಿಗೆ ಗೊತ್ತಿದೆ. ಒಂದೂವರೆ ವರ್ಷದಿಂದ ಗೊತ್ತಿದೆ. ಜೀವದ ಗೆಳೆಯನನ್ನು ಕಳೆದುಕೊಂಡರೂ, ಈಗ ಅದೇ ಗೆಳೆಯನ ಕೈಯಲ್ಲಿ ಜೀವ ತೂಗುತ್ತಿದ್ದರೂ, ಆ ಹೆಸರು ಅವರ ಬಾಯಿಂದ ಬರಲಿಲ್ಲ. ನಿಜವಾದ ಮೋಡಮಲ್ಲನಿಗೂ ಅಷ್ಟು ಗಟ್ಟಿ ಎದೆ ಇರಲಿಕ್ಕಿಲ್ಲ.

“ಗಂಟಣ್ಣ,” ಅಂದೆ. “ಮಾಸ್ಟರಿಗೆ ಫೋನ್ ಮಾಡಿದ್ದು ನಾನು.”

ಹೇಳಿಬಿಟ್ಟೆ. ಪುಟ್ಟಿ ಆಗ ಹೊಟ್ಟೆಯಲ್ಲಿ ಎರಡು ತಿಂಗಳು. ಇಬ್ಬರೂ ಮಾರನೆಯ ದಿನ ಮೂರನೆಯ ಮಹಡಿಯಿಂದ ಜೋಡಿಯಾಗಿ ಹಾರುವುದಿತ್ತು. ಹಿಂದಿನ ಸಂಜೆ ಗಂಟಣ್ಣ ನಮ್ಮ ಮನೆಯ ಮೆಟ್ಟಿಲನ್ನು ಗೋಡೆ ಹಿಡಿದು, ಹಲ್ಲು ಕಚ್ಚಿ ಇಳಿದದ್ದನ್ನು ಕಂಡೆ. ಈ ಮಂಡಿ ಕೈಕೊಟ್ಟು ಇವರು ನನ್ನ ಗಂಡನ ಮೇಲೇ ಬಿದ್ದರೆ ಅನ್ನಿಸಿತು. ಅಡುಗೆಮನೆಯ ಬಾಗಿಲು ಹಾಕಿಕೊಂಡು ಮಾಸ್ಟರಿಗೆ ಫೋನ್ ಮಾಡಿದೆ. ಯಾರಿಗೂ ಹೇಳಬೇಡಿ ಅಂತಲೂ ಅಂದೆ. ಬಾಗಿಲಾಚೆ ಇವರಿಗೆ ಕೇಳಿಸಿರಬೇಕು.

“ನಾನು ಯಾರಿಗೂ ಹೇಳಿಲ್ಲಮ್ಮ,” ಅಂದರು ಮಾಸ್ಟರ್ ಕುರ್ಚಿಯಿಂದ, ಮಾತಿಗೆ ತಪ್ಪದ ಸಜ್ಜನರ ಗತ್ತಿನಲ್ಲಿ.

ನಾನು ಗಂಟಣ್ಣನ ಮುಖ ನೋಡಲಾರದೆ ಕೈ ನೋಡಿದೆ. ಮುಖದಲ್ಲಿ ಏನೇನು ಬಂದು ಹೋಯಿತೋ, ಆ ಕೈ ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ. ಜಗಳವಿದ್ದದ್ದು ಬಾಯಲ್ಲಿ, ಮನಸ್ಸಿನಲ್ಲಿ. ಮೊಣಕೈಯಿಂದ ಈಚೆಗೆ ಅದು ಯಾವತ್ತೂ ಬಂದಿರಲೇ ಇಲ್ಲ. ಆಮೇಲೆ ಅವರು ಹಗ್ಗವನ್ನು ಗೇಣು ಗೇಣಾಗಿ ಬಿಟ್ಟರು. ನನ್ನ ಗಂಡ ಮೊಟ್ಟೆಯ ಹಾಗೆ ಹಾಸಿಗೆ ಮುಟ್ಟಿದರು.

ಬೆಲ್ಟು ಬಿಚ್ಚುತ್ತ ಗಂಟಣ್ಣ ಕೇಳಿದರು: “ನೀನ್ಯಾಕೋ ಹೇಳಲಿಲ್ಲ?”

“ಹೇಳಿದ್ರೆ ನೀನು ನಮ್ಮ ಮನೆಗೆ ಬರೋದು ಬಿಡ್ತಿದ್ದೆ.”

“ಹೇಳದೇ ಇದ್ದಿದ್ದಕ್ಕೆ ಬಂದೆನಾ?”

“ಇಲ್ಲ.”

“ಮಂಕೇ.”

“ಹೂಂ.”

ಇಬ್ಬರೂ ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. ನಾನು ಅತ್ತೆ. ಪುಟ್ಟಿ ಯಾರ ಕಡೆ ಸೇರುವುದೆಂದು ತಿಳಿಯದೆ ಎರಡನ್ನೂ ಮಾಡಿದಳು.

“ಮಂಡಿ ನಿಜಕ್ಕೂ ಹೋಗಿತ್ತು ತಂಗಿ,” ಗಂಟಣ್ಣ ಪುಟ್ಟಿಯನ್ನು ಎತ್ತಿಕೊಂಡರು. “ಅವತ್ತು ಹಾರಿದ್ರೆ ಇವತ್ತು ನಡೀತಿರಲಿಲ್ಲ. ಆದ್ರೆ ಮಾಸ್ಟರಿಗೆ ಹೇಳೋಕೆ ಮುಂಚೆ ನನಗೊಂದು ಮಾತು ಹೇಳಬೇಕಿತ್ತು.”

“ಇನ್ಮೇಲೆ ನಿಮಗೆ ಹೇಳದೆ ಏನೂ ಮಾಡಲ್ಲ ಅಣ್ಣ.”

“ಸರಿ. ನಾನೂ ನಿನಗೆ ಹೇಳದೆ ಏನೂ ಮಾಡಲ್ಲ. ನಿನ್ನ ಗಂಡನ್ನ ಎತ್ತಿದ್ರೂ ಹೇಳ್ತೀನಿ, ಇಳಿಸಿದ್ರೂ ಹೇಳ್ತೀನಿ. ನೀನು ನೆಮ್ಮದಿಯಾಗಿ ಮನೇಲಿರು.”

ಎಂಥ ದೊಡ್ಡ ಮನಸ್ಸು ಎಂದು ಕಣ್ಣೊರೆಸಿಕೊಂಡೆ. ಬಾಯಿಮಾತಿಗೆ ಹೇಳುತ್ತಾರೆ ಅಂದುಕೊಂಡಿದ್ದೆ. ಗಂಟಣ್ಣ ಬಾಯಿಮಾತಿನ ಮನುಷ್ಯರಲ್ಲ. ಮಾರನೆಯ ದಿನ ಪುಟ್ಟಿಯನ್ನು ಒಂದು ಗಂಟೆ ತೂಗಿ ಆಗಷ್ಟೇ ಮಲಗಿಸಿದ್ದೆ. ಫೋನ್ ಬಡಿದುಕೊಂಡಿತು.

“ತಂಗಿ, ಎತ್ತಿದೆ. ಹಗ್ಗ ಗೂಟಕ್ಕೆ ಬಿಗಿದು, ಗಂಟು ಎರಡು ಸಲ ನೋಡಿ ಫೋನ್ ಮಾಡ್ತಿದೀನಿ.”

ಪುಟ್ಟಿ ಎದ್ದಳು. ನಾನು ಉಸಿರು ಬಿಗಿಹಿಡಿದು ಕೂತೆ. ಐದು ನಿಮಿಷಕ್ಕೆ ಮತ್ತೆ ಫೋನ್. “ತಂಗಿ, ಇಳಿಸಿದೆ.” ಪುಟ್ಟಿ ಮತ್ತೆ ಮಲಗಲು ಮುಕ್ಕಾಲು ಗಂಟೆ. “ತಂಗಿ, ಎತ್ತಿದೆ.” ದಿನಕ್ಕೆ ಹನ್ನೆರಡು ಸಲ ಎತ್ತುವುದು, ಹನ್ನೆರಡು ಸಲ ಇಳಿಸುವುದು. ಮೊದಲು ಇಡೀ ದಿನಕ್ಕೆ ಸೇರಿಸಿ ಒಂದೇ ಭಯವಿತ್ತು. ಈಗ ಅದು ಹೊತ್ತು ಹೊತ್ತಿಗೆ, ಬಿಡಿಬಿಡಿಯಾಗಿ ಮನೆಬಾಗಿಲಿಗೆ ಬರುತ್ತಿದೆ.

ಇವತ್ತು ಹನ್ನೊಂದೂ ಕಾಲಿಗೆ ‘ಎತ್ತಿದೆ’ ಬಂತು. ಹನ್ನೊಂದೂವರೆ ಆಯಿತು, ‘ಇಳಿಸಿದೆ’ ಬರಲಿಲ್ಲ. ಹನ್ನೊಂದೂ ಮುಕ್ಕಾಲಾಯಿತು. ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು. ನಾನೇ ಫೋನ್ ಮಾಡಿದೆ.

“ಏನಿಲ್ಲ ತಂಗಿ,” ಗಂಟಣ್ಣನ ದನಿಯಲ್ಲಿ ನಗು ತುಂಬಿತ್ತು. “ಲೈಟು ಸರಿಮಾಡ್ತಿದಾರೆ. ಇಳಿಸ್ತೀನಿ ಅಂದ್ರೆ ಇವನೇ ಬೇಡ ಅಂದ. ಇವನು ಮೇಲೆ, ನಾನು ಕೆಳಗೆ, ಮಾತಾಡ್ತಾ ಇದೀವಿ. ಒಂದೂವರೆ ವರ್ಷದ್ದು ಬಾಕಿ ಇದೆ ನೋಡು. ನಿನಗೇನಾದ್ರೂ ಅರ್ಜೆಂಟಿತ್ತಾ?”

ಹಿಂದಿನಿಂದ, ಹದಿನೈದು ಅಡಿ ಎತ್ತರದಿಂದ, ನನ್ನ ಗಂಡ ಎದೆ ಬಿಚ್ಚಿ ನಗುವುದು ಕೇಳಿಸಿತು. ಒಂದೂವರೆ ವರ್ಷ ಆ ನಗು ನಮ್ಮ ಮನೆಯಲ್ಲಿ ಕೇಳಿಸಿರಲಿಲ್ಲ.

“ಏನೂ ಇಲ್ಲ ಅಣ್ಣ,” ಅಂದೆ. “ನಿಧಾನವಾಗಿ ಮಾತಾಡಿ.”

ಫೋನಿಟ್ಟು, ಅಳುವ ಪುಟ್ಟಿಯನ್ನು ಹೆಗಲಿಗೆ ಹಾಕಿಕೊಂಡು, ಗಡಿಯಾರದ ಎದುರಿಗೇ ಕುರ್ಚಿ ಎಳೆದುಕೊಂಡು ಕೂತೆ.