ನಮ್ಮತ್ತೆ ಕಟ್ಟಿದ ಮಾಟಗಾತಿ ವಂಶ

ನಮ್ಮ ಸೋದರತ್ತೆ ಮಾಟಗಾತಿಯರ ಒಂದು ವಂಶವನ್ನೇ ಹುಟ್ಟುಹಾಕಿದವಳು. ನಗಬೇಡಿ! ಆ ವಂಶಕ್ಕೆ ಮನೆದೇವರು, ಬೀಗತನ, ಕಟ್ಟುಪಾಡು ಎಲ್ಲವೂ ಇದ್ದವು. ಕಲ್ಯಾಣದುರ್ಗದ ಈ ಅತ್ತೆಗೆ ಐವತ್ತು ದಾಟಿದ್ದರೂ ತಲೆಯಲ್ಲಿ ಒಂದು ನರೆಗೂದಲಿರಲಿಲ್ಲ. ಅವಳು ತಲೆಗೆ ಹಚ್ಚುವ ಗರುಗದೆಣ್ಣೆಯ ಮಹಿಮೆ ಎಂದು ನಾವು ನಂಬಿದ್ದೆವು. ನನಗೋ, ಹುಟ್ಟಿನಿಂದಲೇ ಹಣೆಯ ಮೇಲೆ ಒಂದು ಹಿಡಿ ಕೂದಲು ಬೆಳ್ಳಗೆ! ಕಾಲೇಜಿನಲ್ಲಿ ಯಾರಾದರೂ ‘ಮುದುಕಿ’ ಎಂದಾರೆಂಬ ಭಯಕ್ಕೆ ವಾರವಾರ ಕಪ್ಪು ಬಳಿದುಕೊಳ್ಳುತ್ತಿದ್ದೆ.

ಮೊಬೈಲಿಗೆ ಇನ್ನೂ ಗುಂಡಿಗಳಿದ್ದ ಕಾಲ. ಹಿಂದೂಪುರದ ನಮ್ಮ ಮನೆಗೆ ಅಣ್ಣ ಒಂದು ಆಟದ ಪುಸ್ತಕದ ಜೆರಾಕ್ಸ್ ತಂದ. ಒಬ್ಬ ಕಥೆ ಹೇಳಬೇಕು, ಉಳಿದವರು ಅದರೊಳಗಿನ ಪಾತ್ರಗಳಾಗಬೇಕು, ಗೆದ್ದರೋ ಸೋತರೋ ದಾಳ ಹೇಳುತ್ತದೆ. ಅಣ್ಣ ಕಥೆ ಹೇಳುವವನಾದ, ನಾನು ಮಂತ್ರವಾದಿನಿಯಾದೆ. ಭಾನುವಾರ ಬಂದಿದ್ದ ಅತ್ತೆ ಅವರೆಕಾಯಿ ಸುಲಿಯುತ್ತಾ ಕೇಳುತ್ತಿದ್ದಳು.

“ಮಂತ್ರಶಕ್ತಿ ನಿನ್ನ ರಕ್ತದಾಗೇ ಐತೆ. ನಿಮ್ಮ ಮುತ್ತಜ್ಜಿ ಜೌಗಿನಾಗಿರೋ ಮಾಟಗಾತಿ,” ಎಂದ ಅಣ್ಣ.

“ಜೌಗಾ? ನಮ್ಮ ಸೆಟ್ಟೂರು ಕಡೆ ಕುಡಿಯಾಕೇ ನೀರಿಲ್ಲ, ಜೌಗು ಎಲ್ಲಿಂದ ತತ್ತೀಯಲಾ? ಹುಣಸೆಮರದಾಗಿರ್ಲಿ. ಬೆಡಗು ಯಾವ್ದು ಅವಳ್ದು?” ಎಂದಳು ಅತ್ತೆ.

“ಅತ್ತೆ, ಅವಳು ರಾಕ್ಷಸಿ!”

“ಏಮ್ರಾ, ರಾಕ್ಷಸಿ ಆದ್ರೆ ತವರುಮನೆ ಇರಲ್ವಾ?” ಎಂದು ಅತ್ತೆ ತೆಲುಗು ಬೆರೆಸಿ ಗದರಿದಳು.

ಬೆಡಗೆಂದರೆ ಕುಲದೊಳಗಿನ ಕವಲು. ಒಂದೇ ಬೆಡಗಿನವರು ಅಣ್ಣತಂಗಿಯರು, ಅವರಲ್ಲಿ ಮದುವೆ ಕೂಡದು. ಪ್ರತಿ ಬೆಡಗಿಗೂ ಮುಟ್ಟಬಾರದ್ದೊಂದು ಇರುತ್ತದೆ. ಹೀಗೆ ನನ್ನದು ಹುಣಸೆ ಬೆಡಗಾಯಿತು, ನಾವು ಹುಣಸೆಮರ ಕಡಿಯುವಂತಿಲ್ಲ. ಕೆಲವು ವಾರಗಳ ಮೇಲೆ ಅಣ್ಣನ ಕಥೆಯ ರಾಜಕುಮಾರ ನನ್ನ ಕೈಹಿಡಿಯಲು ಬಂದ. ಪಾಪ, ಅವನ ಸೈನ್ಯ ಹುಣಸೆತೋಪಿನಲ್ಲಿ ಬೀಡುಬಿಟ್ಟು ಒಂದು ಕೊಂಬೆಯನ್ನೂ ಕಡಿಯಲಿಲ್ಲವೆಂದು ಅಣ್ಣ ಬಾಯಿತಪ್ಪಿ ಹೇಳಿಬಿಟ್ಟಿದ್ದ!

“ನಿಲ್ಸು! ಅವನೂ ನಮ್ಮ ಬೆಡಗೇ! ಅಣ್ಣ ಆಯ್ತಾನೆ!” ಎಂದು ಅತ್ತೆ ಕೂಗಿದಳು. ರಾಜಕುಮಾರ ನನಗೊಂದು ಸೀರೆ ಕೊಟ್ಟು, ಕುದುರೆ ಹತ್ತಿ ಹೋದ.

ಕೊನೆಗೆ ಮುತ್ತಜ್ಜಿಯ ಜೊತೆಗೇ ಕಾಳಗ ಬಂತು. ಹಿರಿಯರ ಕಾಲಿಗೆ ಬೀಳದೆ ಕಾಳಗ ಎಲ್ಲಾದರೂ ಉಂಟೇ? ಬಿದ್ದೆ. ಅವಳು ಹರಸಿ ಹುರಿಹಿಟ್ಟು ಕಟ್ಟಿಕೊಟ್ಟಳು. ಅಣ್ಣ ತಲೆ ಚಚ್ಚಿಕೊಂಡ.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ಈ ವಂಶಕ್ಕೊಂದು ಗುರುತು ಬೇಕು ಕಣಮ್ಮ,” ಎಂದಳು ಅತ್ತೆ. “ಹಣೆ ಮೇಲೆ ಒಂದು ಹಿಡಿ ಬಿಳಿ ಕೂದ್ಲು. ಅದುಕ್ಕೆ ಕಪ್ಪು ಬಳಿದ್ರೆ ಮಂತ್ರ ಫಲಿಸಾಕಿಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತು. “ನಿನಗೇನತ್ತೆ, ನಿನ್ನ ತಲೆ ಕಾಡಿಗೆ ಇದ್ದಂಗೈತೆ! ಅನುಭವಿಸೋಳು ನಾನು,” ಎಂದು ಅತ್ತುಬಿಟ್ಟೆ. ಅತ್ತೆ ಚೀಲ ಎತ್ತಿಕೊಂಡಳು. ಸಂಜೆಯ ಬಸ್ಸು ಹತ್ತಿ ಹೋದವಳು ಎಷ್ಟೋ ಭಾನುವಾರ ಇತ್ತ ಸುಳಿಯಲೇ ಇಲ್ಲ. ಆಟವೂ ನಿಂತಿತು. ಅವಳಿಲ್ಲದೆ ಅದರಲ್ಲಿ ರುಚಿಯೇ ಇರಲಿಲ್ಲ.

ಯುಗಾದಿ ಕಳೆದ ಮೇಲೆ ಬಂದಳು. ಬಾಗಿಲಲ್ಲೇ ತಲೆಯ ಮೇಲಿನ ಸೆರಗು ಸರಿಸಿದಳು. ಹಣೆಯ ಮೇಲೆ, ಕೂದಲ ಬುಡದಲ್ಲಿ, ಬೆರಳಗಲ ಬಿಳುಪು. ಉಳಿದ ತಲೆಯೂ ಅಲ್ಲಲ್ಲಿ ನರೆತಿತ್ತು. ಗರುಗದೆಣ್ಣೆಯ ಮಹಿಮೆ ಅಂದೇ ಮುಗಿಯಿತು!

“ನಮ್ಮಮ್ಮಂಗಿತ್ತು ಇದು,” ಎಂದಳು. “ಊರೋರು ಮಾಟಗಾತಿ ಅಂತಿದ್ರು. ಆಯಮ್ಮ ಹಂಗೇ ತಲೆ ಎತ್ಕಂಡು ಓಡಾಡಿದ್ಲು. ನಾನು ಹೆದರಿ ಮದುವೆಗೆ ಮುಂಚೆ ಬಳಿಯಾಕೆ ಹತ್ತಿದೋಳು, ನಿಮ್ಮ ಮಾವಂಗೂ ಹೇಳ್ಲಿಲ್ಲ. ನೀನು ಅತ್ತಿದ್ದು ನೋಡಿ ನಂಗೇ ನಾಚಿಕೆ ಆಯ್ತು ಕಣಮ್ಮ.”

ಅಪ್ಪ ಎಂದೂ ಹೇಳದ ಅಜ್ಜಿ! ನಾನು ಅವಳ ಮೊಮ್ಮಗಳು ಎಂದು ಅವತ್ತು ಮೊದಲ ಸಲ ಹೆಮ್ಮೆಯಾಯಿತು. ಬಚ್ಚಲಿಗೆ ಹೋಗಿ ಬಣ್ಣದ ಡಬ್ಬಿಯನ್ನು ಬರಿದು ಮಾಡಿ ಬಂದೆ.

ಅತ್ತೆ ಚಾಪೆ ಹಾಸಿ, ಅಣ್ಣನ ಕೈಯಿಂದ ದಾಳ ಕಿತ್ತು ನನ್ನ ಅಂಗೈಗಿಟ್ಟಳು.

“ಈಗ ಹಾಕು. ಈಗ ಫಲಿಸ್ತೈತೆ.”